ಕೋಟೆ, ಹುಲಿ, ಬೀಗ ಮತ್ತು ನಮ್ಮ ಕಾಲೇಜಿನ ಜಾಹೀರಾತುಗಳು

ನಮ್ಮ ಕಾಲೇಜಿಗೆ ತಪಾಸಣಾ ಸಮಿತಿ ಬಂದ ದಿನ ಪ್ರಾಂಶುಪಾಲರು ಕೋಟು ಹಾಕಿಕೊಂಡು ಬಂದಿದ್ದರು. ರಾಯಚೂರಿನ ಬಿಸಿಲಿನಲ್ಲಿ ಕೋಟು ಹಾಕಲು ಬೇಕಾದ ಧೈರ್ಯ ಅವರಿಗೆ ಮೊದಲಿನಿಂದಲೂ ಇತ್ತು. ಕೋಣೆಯ ಪರದೆಗಳನ್ನು ಎಳೆದು, ಗೋಡೆಯ ಮೇಲೆ ಪ್ರೊಜೆಕ್ಟರ್ ಬಿಟ್ಟು, ಕಾಲೇಜಿನ ಸಾಧನೆಗಳನ್ನು ಒಂದೊಂದಾಗಿ ತೋರಿಸುತ್ತಿದ್ದರು. ಅರ್ಧದಷ್ಟು ಸಾಧನೆಗಳನ್ನು ಕನ್ನಡದಲ್ಲಿ ಟೈಪ್ ಮಾಡಿಕೊಟ್ಟವಳು ನಾನೇ ಆದ್ದರಿಂದ, ಅವುಗಳಲ್ಲಿ ಎಷ್ಟು ನಡೆದಿದ್ದವು ಎಂಬುದೂ ನನಗೆ ಗೊತ್ತಿತ್ತು. ನಾನು ಹಿಂದಿನ ಸಾಲಿನಲ್ಲಿ ಕುಳಿತು ಗಂಭೀರವಾಗಿ ತಲೆಯಾಡಿಸುತ್ತಿದ್ದೆ.

'ಮಹಿಳಾ ಸಬಲೀಕರಣ' ಎಂಬ ಪುಟಕ್ಕೆ ಬಂದಾಗ ಗೋಡೆಯ ಬಲಗಡೆ ಕೆಳಮೂಲೆಯಲ್ಲಿ ಟಿಂಗ್ ಎಂದು ಒಂದು ಚೌಕ ಎದ್ದಿತು. ಅದರಲ್ಲಿ ದೊಡ್ಡ ಅಕ್ಷರಗಳಲ್ಲಿ ಹೀಗಿತ್ತು: 'ರಾಯಚೂರಿನ ಒಂಟಿ ಮಹಿಳೆಯರು ನಿಮಗಾಗಿ ಕಾಯುತ್ತಿದ್ದಾರೆ.'

ಸಮಿತಿಯ ಅಧ್ಯಕ್ಷರು ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡು ಓದಿದರು. ಮತ್ತೊಮ್ಮೆ ಓದಿದರು.

"ಇದೇನ್ರಿ?" ಎಂದು ಕೇಳಿದರು.

ನಮ್ಮ ಪ್ರಾಂಶುಪಾಲರು ತಡವರಿಸುವ ಮನುಷ್ಯರಲ್ಲ. "ಸರಕಾರದ್ದೊಂದು ಯೋಜನಾ ಅದರಿ ಸರ್. ನಮ್ಮ ಕಾಲೇಜೂ ಅದರಾಗ ಭಾಗಿ ಆಗೇದ," ಎಂದರು.

ಅಧ್ಯಕ್ಷರು ಯಾವ ಇಲಾಖೆ ಎಂದು ಕೇಳುವ ಮೊದಲೇ ಎರಡನೆಯ ಚೌಕ ಎದ್ದಿತು. ಅದು ಬೊಕ್ಕತಲೆಗೆ ಎಣ್ಣೆಯ ಜಾಹೀರಾತು. ಒಂದು ನುಣ್ಣನೆಯ ತಲೆ, ಅದರ ಪಕ್ಕದಲ್ಲಿ ಅದೇ ತಲೆ ಗುಂಗುರು ಕೂದಲಿನೊಂದಿಗೆ. ಅಧ್ಯಕ್ಷರ ತಲೆ ಪ್ರೊಜೆಕ್ಟರಿನ ಬೆಳಕಿಗೆ ಸರಿಯಾಗಿ ಹೊಳೆಯುತ್ತಿತ್ತು. ಯಾರೂ ನಗಲಿಲ್ಲ. ನಗದೇ ಇರುವುದಕ್ಕೆ ನಾವು ಪಟ್ಟ ಕಷ್ಟವನ್ನು ಸಾಧನೆಗಳಲ್ಲಿ ಸೇರಿಸಬಹುದಿತ್ತು.

ಸಮಿತಿಯವರು ಊಟ ಮಾಡಿ ಹೋದ ಮೇಲೆ ಪ್ರಾಂಶುಪಾಲರು ನನ್ನನ್ನು ಕರೆಸಿದರು. ಕೋಟು ಕುರ್ಚಿಯ ಬೆನ್ನಿಗೆ ಬಂದಿತ್ತು.

"ಮೇಡಂ, ಕೂಡ್ರಿ. ಕಂಪ್ಯೂಟರಿಗೆ ವೈರಸ್ ಹತ್ತೇದ. ಮಾರುಕಟ್ಟ್ಯಾಗ ಭಾಳ ನಮೂನಿ ಆ್ಯಂಟಿವೈರಸ್ ಅವ. ಯಾವುದು ಚೊಲೊ ಅಂತ ಪರೀಕ್ಷಾ ಮಾಡಿ ನೀವು ಒಂದು ವರದಿ ಕೊಡ್ರಿ."

"ಸರ್, ನಾ ಕನ್ನಡ ಪಾಠ ಮಾಡಾಕಿ."

"ಅದಕ್ಕರಿ! ಇಡೀ ಕಾಲೇಜಿನ್ಯಾಗ ಕನ್ನಡ ಟೈಪಿಂಗ್ ಬರೂದು ನಿಮಗೊಬ್ಬರಿಗೆ. ಇಂಗ್ಲಿಷ್ ಯಾರಾದರೂ ಹೊಡೀತಾರ. ಕನ್ನಡ ಹೊಡಿಯೋರಿಗೆ ಕಂಪ್ಯೂಟರಿನ ಒಳಗಿಂದೆಲ್ಲಾ ಗೊತ್ತಿರ್ತದ."

ಕಂಪ್ಯೂಟರ್ ವಿಜ್ಞಾನದ ಹುದ್ದೆ ನಮ್ಮಲ್ಲಿ ನಾನು ಸೇರುವ ಮೊದಲಿನಿಂದಲೂ ಖಾಲಿ ಇತ್ತು. ಹಳಗನ್ನಡ ವ್ಯಾಕರಣ ಕಲಿಸುತ್ತಿದ್ದ ನಾನು ಹೀಗೆ ಮೂರು ಊರುಗಳ ಕಂಪ್ಯೂಟರುಗಳ ವೈದ್ಯೆಯಾದೆ. ಮೂರು ಊರು ಏಕೆಂದರೆ ನಮ್ಮ ಸಂಸ್ಥೆಗೆ ಮೂರು ಕಾಲೇಜುಗಳಿದ್ದವು: ರಾಯಚೂರಿನದು ದೊಡ್ಡದು, ದೇವದುರ್ಗ ಮತ್ತು ಮಾನ್ವಿಯವು ಸಣ್ಣವು. ಮೂರರ ಕಚೇರಿಗಳಿಗೂ ಒಂದೇ ಕಾಯಿಲೆ. ಯಾರೋ ಪಿಡಿಎಫ್ ಕಡತಗಳನ್ನು ಜೋಡಿಸುವ ಪುಕ್ಕಟೆ ತಂತ್ರಾಂಶವೊಂದನ್ನು ಇಳಿಸಿಕೊಂಡು, ಅದನ್ನು ಪೆನ್‌ಡ್ರೈವಿನಲ್ಲಿ ಪ್ರಸಾದದಂತೆ ಎಲ್ಲ ಕಡೆಗೂ ಹಂಚಿದ್ದರು.

ನಾನು ಓದಲು ಕುಳಿತೆ. ಬೇರೆ ಯಾವ ವಿದ್ಯೆಯೂ ಇಲ್ಲದವರು ಮಾಡಬಹುದಾದದ್ದು ಅದೊಂದೇ. ನಮ್ಮನ್ನು ಕಾಡುತ್ತಿದ್ದದ್ದು ವೈರಸ್ಸಲ್ಲ, ಆ್ಯಡ್‌ವೇರ್ ಎಂದು ತಿಳಿಯಿತು. ಅದು ಕಡತಗಳನ್ನು ಕೆಡಿಸುವುದಿಲ್ಲ, ಕದಿಯಲೇಬೇಕೆಂದೂ ಇಲ್ಲ. ಪುಕ್ಕಟೆ ಸಿಕ್ಕ ಯಾವುದೋ ತಂತ್ರಾಂಶದ ಬೆನ್ನಿಗೆ ಅಂಟಿಕೊಂಡು ಒಳಗೆ ಬಂದು, ಜಾಹೀರಾತು ತೋರಿಸುತ್ತ ಕೂರುತ್ತದೆ. ಮದುವೆ ಮನೆಗೆ ಬೀಗರ ಜೊತೆ ಬಂದು ಹೋಗದೆ ಉಳಿದ ನೆಂಟನ ಹಾಗೆ. ಕಳ್ಳ ಎಂದು ಹಿಡಿದುಕೊಡುವಂತೆಯೂ ಇಲ್ಲ, ಸುಮ್ಮನೆ ಇರಿಸಿಕೊಳ್ಳುವಂತೆಯೂ ಇಲ್ಲ. ಅದಕ್ಕೇ ಕೆಲವು ಆ್ಯಂಟಿವೈರಸ್‌ಗಳು ಅದನ್ನು ಕಂಡೂ ಕಾಣದಂತೆ ಬಿಡುತ್ತವೆ. ಹಿಡಿಯಬೇಕಾದರೆ ಎಲ್ಲೋ ಒಳಗಿನ ಪುಟದಲ್ಲಿ ಅಡಗಿರುವ ಒಂದು ಗುಂಡಿಯನ್ನು ನಾವೇ ಒತ್ತಿ, 'ಬೇಡದ ತಂತ್ರಾಂಶವನ್ನೂ ಹಿಡಿ' ಎಂದು ಅಪ್ಪಣೆ ಕೊಡಬೇಕಂತೆ.

ಯಾವ ಆ್ಯಂಟಿವೈರಸ್ ಉತ್ತಮ ಎಂದು ಹೇಳುವ ಜಾಲತಾಣಗಳಿಗೂ ಕಡಿಮೆ ಇರಲಿಲ್ಲ. 'ಅತ್ಯುತ್ತಮ ಹತ್ತು' ಎಂದು ಪ್ರತಿಯೊಂದೂ ನಿಷ್ಪಕ್ಷಪಾತವಾಗಿ ಹೇಳುತ್ತಿತ್ತು. ಪುಟದ ಎಡಗಡೆ ಯಾರ ಜಾಹೀರಾತು ಕುಣಿಯುತ್ತಿತ್ತೋ ಅವರಿಗೆ ಮೊದಲ ಸ್ಥಾನ, ಬಲಗಡೆಯವರಿಗೆ ಎರಡನೆಯದು. ಜಾಹೀರಾತಿನಿಂದ ತಪ್ಪಿಸಿಕೊಳ್ಳುವುದು ಹೇಗೆ ಎಂಬ ಒಂದು ಲೇಖನ ಓದಲು ನಾನು ಎಷ್ಟೋ ಜಾಹೀರಾತುಗಳನ್ನು ಮುಚ್ಚಬೇಕಾಯಿತು.

ಕೊನೆಗೆ ಪ್ರಯೋಗಕ್ಕೆ ಪುಕ್ಕಟೆ ಸಿಗುವ ಮೂರನ್ನು ಆರಿಸಿಕೊಂಡೆ. ಹೆಸರುಗಳಿಗೆ ನಾಲಿಗೆ ಹೊರಳುತ್ತಿರಲಿಲ್ಲ. ಒಂದರ ಗುರುತು ಕೋಟೆ, ಇನ್ನೊಂದರದು ಹುಲಿ, ಮತ್ತೊಂದರದು ಬೀಗ. ಹಾಗೆಯೇ ಕರೆದೆ. ಕೋಟೆ ರಾಯಚೂರಿಗೆ, ಹುಲಿ ದೇವದುರ್ಗಕ್ಕೆ, ಬೀಗ ಮಾನ್ವಿಗೆ. ಇದ್ದ ಆ್ಯಡ್‌ವೇರನ್ನು ಹುಡುಕಿ ತೆಗೆಯುತ್ತದೆಯೇ, ಹೊಸದು ಬರುವಾಗ ಬಾಗಿಲಲ್ಲೇ ತಡೆಯುತ್ತದೆಯೇ, ಮಾಡದ ತಪ್ಪಿಗೆ ಯಾರನ್ನಾದರೂ ಹಿಡಿಯುತ್ತದೆಯೇ, ಕಂಪ್ಯೂಟರನ್ನು ಎತ್ತಿನ ಗಾಡಿ ಮಾಡುತ್ತದೆಯೇ ಎಂದು ನೋಡಬೇಕೆಂದುಕೊಂಡೆ. ಇಷ್ಟು ಯೋಚಿಸಿದ್ದಕ್ಕೆ ನನಗೇ ನನ್ನ ಮೇಲೆ ಗೌರವ ಬಂದಿತು.

ಕೋಟೆಯನ್ನು ಪ್ರಾಂಶುಪಾಲರ ಕಂಪ್ಯೂಟರಿಗೇ ಹಾಕಿದೆ. ಅದು ಹುಡುಕಾಟ ಆರಂಭಿಸಿತು. ಇಡೀ ರಾಜ್ಯಕ್ಕೆ ಕರೆಂಟು ಕಳಿಸುವ ಜಿಲ್ಲೆ ನಮ್ಮದಾದ್ದರಿಂದ, ಹುಡುಕಾಟ ಇನ್ನೇನು ಮುಗಿಯಬೇಕು ಎನ್ನುವಾಗ ಕರೆಂಟು ಹೋಯಿತು. ಮತ್ತೆ ಮೊದಲಿನಿಂದ. ಮಧ್ಯಾಹ್ನದ ಹೊತ್ತಿಗೆ ಹಸಿರು ಬಣ್ಣದಲ್ಲಿ ಫಲಿತಾಂಶ ಬಂತು: 'ನಿಮ್ಮ ಕಂಪ್ಯೂಟರ್ ಸಂಪೂರ್ಣ ಸುರಕ್ಷಿತ.' ಆ ಅಕ್ಷರಗಳ ಮೇಲೆಯೇ ರಮ್ಮಿ ಆಟದ ಜಾಹೀರಾತೊಂದು ಎದ್ದು ಕುಣಿಯತೊಡಗಿತು. ಅದರ ಪಕ್ಕದಲ್ಲಿ ಕೋಟೆಯೇ ಇನ್ನೊಂದು ಕೆಂಪು ಚೌಕ ತೆರೆದು, 'ನೀವು ಅಪಾಯದಲ್ಲಿದ್ದೀರಿ, ಈಗಲೇ ಪೂರ್ಣ ಆವೃತ್ತಿ ಕೊಳ್ಳಿರಿ' ಎಂದಿತು. ಸುರಕ್ಷಿತ ಎಂದು ಹೇಳಿ ಉಸಿರು ಬಿಡುವಷ್ಟರಲ್ಲಿ ಅಪಾಯ ಬಂದಿತ್ತು.

"ಇದರಾಗ ವೈರಸ್ ಯಾವುದು, ಔಷಧ ಯಾವುದು?" ಎಂದು ಪ್ರಾಂಶುಪಾಲರು ಕೇಳಿದರು.

"ಕೆಂಪಂದು ಔಷಧ ಸರ್."

"ಮತ್ತ ಇದು ಜಾಸ್ತಿ ಬರಾಕತ್ತದಲ್ಲ?"

ಅವರು ಹೇಳಿದ್ದು ನಿಜವಾಗಿತ್ತು. ಆ ದಿನವೆಲ್ಲ ಆ್ಯಡ್‌ವೇರಿಗಿಂತ ಕೋಟೆಯ ಜಾಹೀರಾತುಗಳೇ ಹೆಚ್ಚು ಬಂದವು. ಒಳಗಿನ ಗುಂಡಿಯನ್ನು ಹುಡುಕಿ ಒತ್ತಲು ಹೋದರೆ, ಅದು ಪೂರ್ಣ ಆವೃತ್ತಿ ಕೊಂಡವರಿಗೆ ಮಾತ್ರ ಎಂದು ಬಂತು. ಪ್ರಾಂಶುಪಾಲರು ಮಾತ್ರ ಕೋಟೆಯ ಚಿತ್ರವನ್ನು ಮೆಚ್ಚಿಕೊಂಡರು. "ನೋಡಾಕ ಭಾರಿ ಅದ," ಎಂದರು.

ಮುಂದಿನ ವಾರ ಹುಲಿಯನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ದೇವದುರ್ಗದ ಬಸ್ಸು ಹತ್ತಿದೆ. ನನ್ನೂರಾದ ಗಬ್ಬೂರಿನಲ್ಲಿ ನಮ್ಮ ಓಣಿಯ ಚಿಗವ್ವ ಒಬ್ಬಳು ಹತ್ತಿ ನನ್ನ ಪಕ್ಕದಲ್ಲಿ ಕುಳಿತಳು. ಅವ್ವನ ಜೊತೆ ಹತ್ತಿ ಬಿಡಿಸಲು ಹೋಗುತ್ತಿದ್ದವಳು. ನಾನು ಕಾಲೇಜಿನಲ್ಲಿ ಕಲಿಸುತ್ತೇನೆ ಎಂಬುದು ಅವಳಿಗೆ ಹೆಮ್ಮೆ. ಏನು ಕಲಿಸುತ್ತೇನೆ ಎಂಬುದು ಅವಳಿಗೆ ಬೇಕಾಗಿರಲಿಲ್ಲ.

"ಎಲ್ಲಿಗೆ ಹೊಂಟೀ ಬೇ?"

"ದೇವದುರ್ಗಕ್ಕ ಚಿಗವ್ವಾ. ಕಂಪ್ಯೂಟರಿಗೆ ಔಷಧ ಹಾಕಾಕ."

"ಹತ್ತಿಗಿ ಹೊಡೀತೀವಲ್ಲ, ಹಂತಾದ್ದು?"

"ಹಂತಾದ್ದ."

"ಹುಳ ಸಾಯ್ತಾವೇನು?"

"ಗೊತ್ತಿಲ್ಲ. ಅದನ್ನ ನೋಡಾಕ ಹೊಂಟೀನಿ."

"ನಮ್ಮ ಹೊಲದಾಗಂತೂ ಸಾಯಂಗಿಲ್ಲ ಬಿಡು. ಡಬ್ಬಿ ಮ್ಯಾಲ ಚಿತ್ರ ಮಾತ್ರ ಚೆಂದ ಇರ್ತದ," ಎಂದು ಹೇಳಿ, ಸೆರಗಿನಲ್ಲಿ ಕಟ್ಟಿಕೊಂಡಿದ್ದ ಹುರಿದ ಶೇಂಗಾ ಬಿಚ್ಚಿ ನನ್ನ ಕೈಗೆ ಸುರಿದಳು. ದೇವದುರ್ಗ ಬರುವವರೆಗೆ ನಾವು ಔಷಧದ ಮಾತು ಬಿಟ್ಟು ಊರಿನ ಮದುವೆಗಳ ಮಾತಾಡಿದೆವು.

ದೇವದುರ್ಗದ ಕಚೇರಿಯಲ್ಲಿ ಇದ್ದವರು ಸೂಪರಿಂಟೆಂಡೆಂಟರೊಬ್ಬರೇ. ನಿವೃತ್ತಿಗೆ ಹತ್ತಿರವಾಗಿದ್ದ, ಮೆತ್ತಗಿನ ದನಿಯ ಮನುಷ್ಯ. ಅದು ಪರೀಕ್ಷಾ ಅರ್ಜಿಗಳನ್ನು ಕಳಿಸುವ ಕಾಲ. ಹೊರಗೆ ಹುಡುಗಿಯರ ಸಾಲು ನಿಂತಿತ್ತು.

"ಬರ್ರಿ ಮೇಡಂ, ಹುಲಿ ತಂದೀರಂತ," ಎಂದು ಕುರ್ಚಿ ಬಿಟ್ಟುಕೊಟ್ಟರು.

ಹುಲಿ ನಿಜವಾಗಿ ಹುಲಿಯೇ. ಪಿಡಿಎಫ್ ಜೋಡಿಸುವ ತಂತ್ರಾಂಶವನ್ನು ಕಂಡ ಕೂಡಲೇ ಹಿಡಿದು ಬೋನಿಗೆ ಹಾಕಿತು. ನಾನು ಖುಷಿಯಿಂದ ಸೂಪರಿಂಟೆಂಡೆಂಟರ ಮುಖ ನೋಡಿದೆ. ಅವರೂ ನಕ್ಕರು. ಅಷ್ಟರಲ್ಲಿ ಹುಲಿ ಮುಂದುವರಿದು ನಮ್ಮ ಕನ್ನಡ ಟೈಪಿಂಗ್ ತಂತ್ರಾಂಶವನ್ನು ಹಿಡಿಯಿತು. ಕೀಲಿಮಣೆಯ ಮೇಲೆ ಬೆರಳು ಏನು ಒತ್ತುತ್ತದೆ ಎಂದು ಅದು ಗಮನಿಸುತ್ತದಂತೆ, ಆದ್ದರಿಂದ ಅದು ಗೂಢಚಾರನಂತೆ. ಕನ್ನಡ ಬರೆಯುವವರೆಲ್ಲ ಗೂಢಚಾರರಾಗಿ ಬೋನಿಗೆ ಹೋದ ಮೇಲೆ, ಹುಲಿ ಪರೀಕ್ಷಾ ಅರ್ಜಿಗಳ ತಂತ್ರಾಂಶವನ್ನೂ ಎತ್ತಿಕೊಂಡಿತು. ಪರದೆಯ ಮೇಲೆ ಇದ್ದ ಹುಡುಗಿಯೊಬ್ಬಳ ಅರ್ಧ ತುಂಬಿದ ಅರ್ಜಿ ಕಣ್ಣೆದುರಿಗೇ ಮಾಯವಾಯಿತು.

"ಮೇಡಂ, ಎಲ್ಲಾ ನುಂಗಿಬಿಡ್ತಲ್ರಿ!" ಎಂದು ಸೂಪರಿಂಟೆಂಡೆಂಟರು ಎದ್ದು ನಿಂತರು.

ಕಿಟಕಿಯ ಆಚೆ ನಿಂತಿದ್ದ ಆ ಹುಡುಗಿ, "ನಂದು ಹೋತೇನ್ರಿ ಸರ್?" ಎಂದು ಕೇಳಿದಳು. ಅವಳ ದನಿಯಲ್ಲಿ ಹೆದರಿಕೆ ಇತ್ತು. ಆ ಸಾಲಿನಲ್ಲಿದ್ದವರಲ್ಲಿ ಮನೆತನದಲ್ಲೇ ಮೊದಲಿಗರಾಗಿ ಕಾಲೇಜಿಗೆ ಬಂದವರೇ ಹೆಚ್ಚು. ಹಾಗೆ ಬಂದವಳೇ ನಾನೂ. ಒಂದು ಅರ್ಜಿ ತಪ್ಪಿದರೆ ಮನೆಯಲ್ಲಿ ಏನು ಮಾತು ನಡೆಯುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಎಲ್ಲೂ ಹೋಗಿಲ್ಲವ್ವ. ಒಳಗದ. ತೆಗೀತೀನಿ, ನಿಂದ್ರು," ಎಂದೆ.

ಬೋನಿನ ಬಾಗಿಲು ಹುಡುಕುವುದಕ್ಕೆ ಬಹಳ ಹೊತ್ತು ಹಿಡಿಯಿತು. ಒಂದೊಂದನ್ನೇ ಬಿಡಿಸಿ, 'ಇದನ್ನು ಮತ್ತೆ ಹಿಡಿಯಬೇಡ' ಎಂದು ಹುಲಿಗೆ ಬುದ್ಧಿ ಹೇಳಿ, ಅರ್ಜಿಗಳ ತಂತ್ರಾಂಶ ತೆರೆದಾಗ ಹುಡುಗಿಯ ಹೆಸರು ಮತ್ತೆ ಪರದೆಯ ಮೇಲೆ ಕಂಡಿತು. ಅವಳು ನಿಟ್ಟುಸಿರು ಬಿಟ್ಟದ್ದು ಕಿಟಕಿಯ ಈಚೆಗೂ ಕೇಳಿಸಿತು. ಇಷ್ಟೆಲ್ಲ ಆದ ಮೇಲೂ ಕೆಳಮೂಲೆಯಲ್ಲಿ ಟಿಂಗ್ ಎಂದು ಸಕ್ಕರೆ ಕಾಯಿಲೆಯ ಪುಡಿಯ ಜಾಹೀರಾತು ಬಂತು. ಕನ್ನಡವನ್ನು ಹಿಡಿದ ಹುಲಿ ಅದನ್ನು ಮುಟ್ಟಲೇ ಇಲ್ಲ.

ಮಾನ್ವಿಗೆ ಹೋಗುವ ಹೊತ್ತಿಗೆ ನನಗೆ ಯಾರ ಮೇಲೂ ನಂಬಿಕೆ ಉಳಿದಿರಲಿಲ್ಲ. ಅಲ್ಲಿ ಗಣಿತದ ಮೇಡಂ ಪ್ರಭಾರ ಪ್ರಾಂಶುಪಾಲರು. ಬಹಳ ಕಟ್ಟುನಿಟ್ಟು. ಹುಡುಗರು ಅವರ ಚಪ್ಪಲಿಯ ಸದ್ದು ಕೇಳಿದರೆ ಗ್ರಂಥಾಲಯಕ್ಕೂ ಓಡಿಹೋಗಿ ಕೂರುತ್ತಿದ್ದರು.

ಬೀಗವನ್ನು ಹಾಕಿದೆ. ಅದು ಬಂದ ಕೂಡಲೇ ತನ್ನದೇ ಒಂದು ಬ್ರೌಸರನ್ನು ಜೊತೆಗೆ ಇಳಿಸುವುದಾಗಿ ಸಣ್ಣ ಅಕ್ಷರಗಳಲ್ಲಿ ಹೇಳಿತು. ನೋಡಿ ಬೇಡ ಎಂದೆ. ಬೆನ್ನಿಗೆ ಅಂಟಿ ಬರುವವರನ್ನು ಹಿಡಿಯುವವನ ಬೆನ್ನಿಗೂ ಒಬ್ಬ ಅಂಟಿಕೊಂಡಿದ್ದ. ಆದರೆ ಒಳಗಿನ ಗುಂಡಿ ಇದರಲ್ಲಿ ಪುಕ್ಕಟೆಯೇ ಸಿಕ್ಕಿತು. ಒತ್ತಿದೆ. ಪಿಡಿಎಫ್ ಜೋಡಿಸುವುದನ್ನೂ ಅದರ ಬಂಧುಬಳಗವನ್ನೂ ಬೀಗ ಸದ್ದಿಲ್ಲದೆ ಹೊರಗೆ ಹಾಕಿತು. ಕನ್ನಡವನ್ನು ಮುಟ್ಟಲಿಲ್ಲ. ಪರೀಕ್ಷೆಗೆಂದು ಅದೇ ತಂತ್ರಾಂಶವನ್ನು ಮತ್ತೆ ಇಳಿಸಲು ನೋಡಿದರೆ ಬಾಗಿಲಲ್ಲೇ ತಡೆಯಿತು. ಕಂಪ್ಯೂಟರ್ ಎಂದಿನಷ್ಟೇ ನಿಧಾನವಾಗಿತ್ತು, ಹೆಚ್ಚೇನೂ ಆಗಲಿಲ್ಲ.

"ಇದು ಬರೋಬ್ಬರಿ ಅದ ಮೇಡಂ," ಎಂದು ನಾನು ಹೇಳುತ್ತಿದ್ದಂತೆಯೇ ಟಿಂಗ್. ಹದಿನೈದು ದಿನಗಳಲ್ಲಿ ಹೊಟ್ಟೆ ಕರಗಿಸುವ ಚಹಾ.

ನನಗೆ ಅಳು ಬರುವುದೊಂದು ಬಾಕಿ. ಗಣಿತದ ಮೇಡಂಗೆ ಮಾತ್ರ ಕೆಲಸವಿತ್ತು. ಹಳೆಯ ಪ್ರಶ್ನೆಪತ್ರಿಕೆಯೊಂದು ಬೇಕಿತ್ತು. ನನ್ನ ಪಕ್ಕದಲ್ಲೇ ಕುಳಿತು ಯಾವುದೋ ತಾಣ ತೆರೆದರು. ತೆರೆದ ಕೂಡಲೇ ಮೇಲಿನ ಮೂಲೆಯಲ್ಲಿ ಒಂದು ಸಣ್ಣ ಪ್ರಶ್ನೆ ಎದ್ದಿತು. ಹಿಂದಿನ ದಿನವಷ್ಟೇ ನನ್ನ ಕನ್ನಡದ ಹುಚ್ಚಿನಿಂದ ಬ್ರೌಸರಿನ ಭಾಷೆಯನ್ನು ಕನ್ನಡಕ್ಕೆ ಬದಲಿಸುವುದನ್ನು ನಾನು ಕಲಿತಿದ್ದೆ. ಬಂದವಳೇ ಇಲ್ಲಿಯೂ ಬದಲಿಸಿದ್ದೆ. ಆದ್ದರಿಂದ ಪ್ರಶ್ನೆ ಕನ್ನಡದಲ್ಲಿತ್ತು: 'ಈ ತಾಣವು ನಿಮಗೆ ಅಧಿಸೂಚನೆಗಳನ್ನು ಕಳುಹಿಸಲು ಬಯಸುತ್ತದೆ.' ಕೆಳಗೆ ಎರಡು ಗುಂಡಿಗಳು: 'ಅನುಮತಿಸಿ', 'ನಿರ್ಬಂಧಿಸಿ'. ಎಂಥ ಕೆಟ್ಟ ಅನುವಾದ ಎಂದು ಮನಸ್ಸಿನಲ್ಲೇ ಬೈದುಕೊಳ್ಳುತ್ತಿರುವಾಗ ಮೇಡಂ ರೆಪ್ಪೆ ಬಡಿಯದೆ 'ಅನುಮತಿಸಿ' ಒತ್ತಿದರು.

"ಮೇಡಂ, ಈಗ ಏನು ಒತ್ತಿದ್ರಿ?"

"ಯಾವುದು?"

"ಏನೋ ಕೇಳ್ತಲ್ರಿ, ಅದು."

"ಅದು ಎಲ್ಲಾ ಕಡಿ ಕೇಳ್ತದ. ನಾ ಹೂಂ ಅಂತೀನಿ. ಹೂಂ ಅನ್ಲಿಲ್ಲಂದ್ರ ಮುಂದ ಬಿಡಂಗಿಲ್ಲಲ್ರಿ?"

"ಬಿಡ್ತದ್ರಿ. ಬ್ಯಾಡ ಅಂದ್ರೂ ಬಿಡ್ತದ."

ಮೇಡಂ ಕೈ ಮೌಸಿನ ಮೇಲೆಯೇ ನಿಂತಿತು. "ಅಂದ್ರ ಇಷ್ಟ ದಿನ ನಾನ ಕರದೀನೇನು ಇವನ್ನೆಲ್ಲಾ?"

ಕರೆದಿದ್ದರು. ಅವರೊಬ್ಬರೇ ಅಲ್ಲ, ಎಲ್ಲರೂ ಕರೆದಿದ್ದರು. ಮನೆಯ ಯಜಮಾನರೇ ಬರ್ರಿ ಬರ್ರಿ ಎಂದು ಕೈಹಿಡಿದು ಕೂರಿಸಿದ ಮೇಲೆ ಕಾವಲುಗಾರನಾದರೂ ಏನು ಮಾಡಬೇಕು? ಪಿಡಿಎಫ್ ಜೊತೆ ಬಂದದ್ದು ನಿಜವಾದ ಆ್ಯಡ್‌ವೇರ್; ಅದನ್ನು ಬೀಗ ಹಿಡಿದಿತ್ತು. ಮೂಲೆಯಲ್ಲಿ ಟಿಂಗ್ ಎನ್ನುತ್ತಿದ್ದದ್ದು ಮಾತ್ರ ನಾವೇ ಅನುಮತಿ ಕೊಟ್ಟ ತಾಣಗಳಿಂದ ಬರುತ್ತಿತ್ತು. ಬ್ರೌಸರಿನ ವ್ಯವಸ್ಥೆಗೆ ಹೋಗಿ ಆ ಅನುಮತಿಗಳನ್ನೆಲ್ಲ ಒಮ್ಮೆಗೇ ತೆಗೆದೆ. ಮತ್ತೆ ಟಿಂಗ್ ಎನ್ನಲಿಲ್ಲ. ಇಬ್ಬರೂ ಕುಳಿತು ಕಾದೆವು, ಆಗಲೂ ಎನ್ನಲಿಲ್ಲ. ಮೇಡಂ ಎದ್ದು ಬಾಗಿಲು ಹಾಕಿ ಬಂದು, ನಾನು ಎಂದೂ ನೋಡಿರದ ಹಾಗೆ ಹೊಟ್ಟೆ ಹಿಡಿದುಕೊಂಡು ನಕ್ಕರು.

"ವರದಿಯೊಳಗ ನನ್ನ ಹೆಸರು ಬರೀಬ್ಯಾಡ್ರಿ," ಎಂದರು.

ನಾನು ಬರೆಯಲಿಲ್ಲ. ಯಾರ ಹೆಸರನ್ನೂ ಬರೆಯಲಿಲ್ಲ. ಬೀಗವೇ ಸಾಕು, ಅದರ ಒಳಗಿನ ಗುಂಡಿ ಒತ್ತಿರಬೇಕು, ಹುಲಿ ಬೇಡವೇ ಬೇಡ, ಕೋಟೆಯಿಂದ ಕೋಟೆಗೇ ಲಾಭ, ಎಲ್ಲಕ್ಕಿಂತ ಮುಖ್ಯವಾಗಿ 'ಅನುಮತಿಸಿ' ಒತ್ತಬಾರದು ಎಂದು ಒಳ್ಳೆಯ ಕನ್ನಡದಲ್ಲಿ ಬರೆದುಕೊಟ್ಟೆ. ಪ್ರಾಂಶುಪಾಲರು ಕೊನೆಯ ಸಾಲನ್ನು ಓದಿ ತಲೆಯೆತ್ತಿದರು.

"ಅಂದ್ರ ತಪಾಸಣಾ ದಿನದ್ದು ನಾ ಒತ್ತಿದ್ದಂತೀರೇನು?"

"ಇಲ್ರಿ ಸರ್. ಕಂಪ್ಯೂಟರಿನ್ಯಾಗ ಯಾರೋ ಒತ್ತ್ಯಾರ."

"ಆ ಕಂಪ್ಯೂಟರ್ ನನ್ನ ಬಿಟ್ಟು ಯಾರೂ ಮುಟ್ಟಂಗಿಲ್ಲ."

"ಹೌದ್ರಿ."

ಅವರು ವರದಿಯನ್ನು ಮಡಚಿ, "ಮೇಡಂ, ನೀವು ಚೊಲೊ ಮಾಡೀರಿ. ಆದ್ರ ಆಡಳಿತ ಮಂಡಳಿಗೆ ಪುಕ್ಕಟ ಅಂದ್ರ ನಂಬಿಕಿ ಬರಂಗಿಲ್ಲ. ಮತ್ತ ರಾಯಚೂರಾಗ ಕುಂತು ಕೋಟಿ ಬ್ಯಾಡ ಅಂದ್ರ ಹ್ಯಾಂಗ್ರಿ? ಊರಾಗ ಎದ್ದು ನೋಡಿದ್ರ ಕೋಟಿ," ಎಂದರು. ಊರಿನ ಇತಿಹಾಸದ ಆಧಾರದ ಮೇಲೆ ಆ್ಯಂಟಿವೈರಸ್ ಆರಿಸಿದ ಸಂಸ್ಥೆ ಬೇರೆ ಇರಲಿಕ್ಕಿಲ್ಲ. ಮಂಡಳಿ ಕೋಟೆಯ ಪೂರ್ಣ ಆವೃತ್ತಿಯನ್ನು ಕೊಂಡಿತು. ಹೊಳೆಯುವ ಡಬ್ಬಿಯಲ್ಲಿ ಬಂತು. ಪ್ರಾಂಶುಪಾಲರು ಡಬ್ಬಿಯನ್ನು ತಮ್ಮ ಕೋಣೆಯ ಗಾಜಿನ ಬೀರುವಿನಲ್ಲಿ, ಕ್ರೀಡಾಕೂಟದ ಕಪ್ಪುಗಳ ನಡುವೆ ಇಟ್ಟರು.

ಅದನ್ನು ಎಲ್ಲ ಕಡೆ ಹಾಕುವ ಕೆಲಸವೂ ನನಗೇ ಬಂತು. ಕೋಟೆ ಹಾಕುವ ನೆಪದಲ್ಲಿ ಒಂದೊಂದು ಕಂಪ್ಯೂಟರಿನ ಮುಂದೆ ಕುಳಿತು, ಕೊಟ್ಟ ಅನುಮತಿಗಳನ್ನೆಲ್ಲ ತೆಗೆದು, ಇನ್ನು ಮುಂದೆ ಯಾವ ತಾಣವೂ ಕೇಳಲೇಬಾರದು ಎಂದು ಬದಲಿಸಿಬಿಟ್ಟೆ. ಮೂರೂ ಕಾಲೇಜುಗಳಲ್ಲಿ ಟಿಂಗ್ ನಿಂತಿತು. ಸಂಸ್ಥೆಯವರೆಲ್ಲ ರಾಯಚೂರಿನಲ್ಲಿ ಸೇರಿದ್ದ ಗಣರಾಜ್ಯೋತ್ಸವದ ಭಾಷಣದಲ್ಲಿ ಪ್ರಾಂಶುಪಾಲರು ದೇಶದ ಗಡಿ ಕಾಯುವವರನ್ನೂ ಕಾಲೇಜಿನ ಕಂಪ್ಯೂಟರು ಕಾಯುವ ಕೋಟೆಯನ್ನೂ ಒಂದೇ ಉಸಿರಿನಲ್ಲಿ ನೆನೆದರು. ನಾನು ಎಲ್ಲರ ಜೊತೆ ಚಪ್ಪಾಳೆ ತಟ್ಟಿದೆ. ಮಾನ್ವಿಯ ಮೇಡಂ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಇಬ್ಬರೂ ಸಿಕ್ಕಿಬೀಳುತ್ತಿದ್ದೆವು.

ಒಬ್ಬರಿಗೆ ಮಾತ್ರ ಈ ಬದಲಾವಣೆ ಸೇರಲಿಲ್ಲ. ಕೋಟೆ ಹಾಕಲು ನಾನು ದೇವದುರ್ಗಕ್ಕೆ ಹೋದ ದಿನ ಪ್ರವೇಶದ ಕೆಲಸವೆಲ್ಲ ಮುಗಿದು ಕಚೇರಿ ತಣ್ಣಗಿತ್ತು. ಅನುಮತಿಗಳನ್ನು ತೆಗೆಯುತ್ತಿದ್ದಾಗ ಸೂಪರಿಂಟೆಂಡೆಂಟರು ಹಿಂದೆ ಬಂದು ನಿಂತರು.

"ಮೇಡಂ, ಒಂದು ಇರ್ಲಿ ಬಿಡ್ರಿ."

"ಯಾವುದ್ರಿ ಸರ್?"

ಅವರು ಬೆರಳು ತೋರಿಸಿದರು. ದಿನವೂ ಬಣ್ಣದ ಕಾಗದದ ಚೂರುಗಳನ್ನು ಪರದೆಯ ತುಂಬ ಚೆಲ್ಲಿ, 'ಅಭಿನಂದನೆಗಳು! ನೀವು ಗೆದ್ದಿದ್ದೀರಿ' ಎನ್ನುವ ತಾಣ ಅದು.

"ಸರ್, ಅದು ಮೋಸ್ರಿ. ಒತ್ತಿದ್ರ ಹೆಸರು, ನಂಬರ್ ಎಲ್ಲಾ ತಗೋತಾರ."

"ಗೊತ್ತದ್ರಿ. ನಾ ಒತ್ತಂಗಿಲ್ಲ. ಸುಮ್ಮ ನೋಡ್ತೀನಿ. ಇಷ್ಟ ವರ್ಷ ಇದ ಕುರ್ಚ್ಯಾಗ ಕುಂತೀನಿ, ಯಾರೂ ನನಗ ಅಭಿನಂದನಾ ಅಂದಿಲ್ಲ. ಇದು ಬೆಳಿಗ್ಗೆ ಬಂದು ಚಾಲೂ ಮಾಡಿದ್ರ ಸಾಕು, ಅಂತದ."

ಆ ತಾಣವನ್ನೂ ತೆಗೆದೆ. ಅದನ್ನು ಬಿಟ್ಟಿದ್ದರೆ ಒಂದಲ್ಲ ಒಂದು ದಿನ ಬೇರೆ ಯಾರಾದರೂ ಒತ್ತಿಯೇ ಒತ್ತುತ್ತಿದ್ದರು. ಅವರು ತಕರಾರು ಮಾಡಲಿಲ್ಲ. "ಆತು ಬಿಡ್ರಿ," ಎಂದು ಹೊರಗೆ ಹೋಗಿ ಇಬ್ಬರಿಗೂ ಚಹಾ ಹೇಳಿ ಬಂದರು.

ಚಹಾ ಕುಡಿಯುತ್ತ, ಈ ಸಲದ ಪ್ರವೇಶ ಹೇಗಾಯಿತು ಎಂದು ಕೇಳಿದೆ. ಎಲ್ಲರ ಕಾಗದಪತ್ರಗಳೂ ಸರಿಯಾದವು, ಯಾರನ್ನೂ ವಾಪಸು ಕಳಿಸಬೇಕಾಗಲಿಲ್ಲ ಎಂದರು. ಬರದವರ ಮನೆಗೆ ತಾವೇ ಫೋನು ಮಾಡಿ ಕರೆಸಿದ್ದರಂತೆ. ಅದನ್ನು ಹೇಳುವಾಗಲೂ ಫ್ಯಾನಿನ ಬಗ್ಗೆ ಮಾತಾಡುವಷ್ಟೇ ಮೆತ್ತಗಿನ ದನಿ.

"ಸರ್, ಅಭಿನಂದನೆಗಳು," ಎಂದೆ.

ಅವರು ಅಭ್ಯಾಸಬಲದಿಂದ ಮೊದಲು ಪರದೆಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಮುಖವೆಲ್ಲ ಕೆಂಪಗಾಗಿ, ಲೋಟವನ್ನು ಮೇಜಿನ ಮೇಲಿಟ್ಟು, "ಬಹುಮಾನ ಏನದ್ರಿ ಮೇಡಂ?" ಎಂದು ಕೇಳಿದರು.

"ಒಂದು ಮೊಬೈಲ್ ಗೆದ್ದೀರಿ. ಹೆಸರು, ನಂಬರ್ ಹೇಳ್ರಿ."

ಅವರು ನಕ್ಕ ಸದ್ದಿಗೆ ವರಾಂಡದಲ್ಲಿ ಹೋಗುತ್ತಿದ್ದ ಹುಡುಗಿಯರು ನಿಂತು ಕಿಟಕಿಯಲ್ಲಿ ಇಣುಕಿದರು. ರಾಯಚೂರಿನ ಬಸ್ಸಿಗೆ ಹೊತ್ತಾಗಿತ್ತು. ಬ್ಯಾಗು ಹೆಗಲಿಗೇರಿಸಿಕೊಂಡು ಹೊರಟೆ.